ಒಲೆಯ ಬಿರುಕು, ಬಂಬದ ಸೋರಿಕೆ

ನಿಪ್ಪಾಣಿ ತಾಲೂಕಿನ ಬೋರಗಾಂವದ ಸುತ್ತಿನ ಹಳೆಯ ಮನೆಗಳಲ್ಲಿ ಇಂದಿಗೂ ಎರಡು ಕಡೆ ಕಟಗಿ ಉರಿಯುತ್ತದೆ. ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಒಲೆ, ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಬಂಬ. ಗ್ಯಾಸು ಬಂದು ಎಷ್ಟೋ ಕಾಲವಾಯಿತು. ಚಹಾ, ಹಾಲು, ದಿನದ ಪಲ್ಯ ಅದರ ಮೇಲೆಯೇ ಆಗುತ್ತದೆ. ಆದರೆ ಜೋಳದ ರೊಟ್ಟಿ ಬಡಿಯಲು ಕುಳಿತಾಗ, ಹಬ್ಬಕ್ಕೆ ಹೋಳಿಗೆ ಬೇಯಿಸುವಾಗ, ಮನೆತುಂಬ ಮಂದಿ ಸ್ನಾನಕ್ಕೆ ಕಾದಿರುವಾಗ ಕಟಗಿಯ ಉರಿಯೇ ಬೇಕು. ಹೊಲದಲ್ಲಿ ಕಬ್ಬಿನ ರವದಿ, ಬದುವಿನ ಮೇಲೆ ಜಾಲಿಯ ಟೊಂಗೆ, ಸುಗ್ಗಿ ಮುಗಿದ ಮೇಲೆ ತಂಬಾಕಿನ ಕಟಗಿ ಕೈಗೆ ಸಿಗುತ್ತಿರುವಾಗ ನೀರು ಕಾಯಿಸಲು ಸಿಲಿಂಡರ್ ಖಾಲಿ ಮಾಡಲು ಯಾರಿಗೂ ಮನಸ್ಸಾಗುವುದಿಲ್ಲ.

ಒಲೆ, ಬಂಬ ಎರಡೂ ಹಳತಾಗುತ್ತವೆ. ಒಲೆ ಬಿರಿಯುತ್ತದೆ, ಬಂಬ ಸೋರುತ್ತದೆ. ಅವನ್ನು ಮತ್ತೆ ಮತ್ತೆ ಹದಕ್ಕೆ ತರುವ ವಿದ್ಯೆಯ ಬಗ್ಗೆ ನನಗೆ ಬಹಳ ಗೌರವ. ಹೊಸ ಒಲೆ ಕಟ್ಟುವವರ ಕೈಯಲ್ಲಿ ಹಸಿಮಣ್ಣು ಮಾತ್ರ ಇರುತ್ತದೆ. ಅದು ಹೇಳಿದಂತೆ ಕೇಳುತ್ತದೆ. ಹಳೆಯ ಒಲೆಯನ್ನು ದುರಸ್ತಿ ಮಾಡುವವರ ಎದುರಿಗೆ ಇರುವುದು ಒಳಗೆ ಸುಟ್ಟು ಇಟ್ಟಿಗೆಯಾಗಿರುವ, ಹೊರಗೆ ಇನ್ನೂ ಮಣ್ಣಾಗಿಯೇ ಉಳಿದಿರುವ, ನಡುವೆ ಎರಡೂ ಅಲ್ಲದ ಒಂದು ವಸ್ತು. ಎಲ್ಲಿ ತೇಪೆ ಸಾಕು, ಎಲ್ಲಿ ಒಡೆದು ಕಟ್ಟಬೇಕು ಎಂದು ನೋಡಿ ಹೇಳುವ ಕಣ್ಣು ಹೆಚ್ಚು ಕಷ್ಟಪಟ್ಟು ಬಂದದ್ದು. ಅದನ್ನು ಇಲ್ಲಿಯ ಹೆಣ್ಣುಮಕ್ಕಳು ಯಾವ ಸರ್ಟಿಫಿಕೇಟೂ ಇಲ್ಲದೆ ಅತ್ತೆಯಿಂದ ಸೊಸೆಗೆ, ಅವ್ವನಿಂದ ಮಗಳಿಗೆ ದಾಟಿಸಿಕೊಂಡು ಬಂದಿದ್ದಾರೆ.

ಮೊದಲು ಮಣ್ಣಿನ ಮಾತು. ದೂಧಗಂಗಾ ಹೊಳೆಯ ಬಯಲಿನ ಹೊಲಗಳೆಲ್ಲ ಹೆಚ್ಚಾಗಿ ಎರೆಮಣ್ಣಿನವು. ಕಬ್ಬಿಗೆ ಬಂಗಾರದಂಥ ನೆಲ. ಒಲೆಗೆ ಮಾತ್ರ ಒಂಟಿಯಾಗಿ ಒಗ್ಗುವುದಿಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಇಳಿಯುವಷ್ಟು ಅಗಲದ ಬಿರುಕು ಬಿಡುವ ಮಣ್ಣು ಒಲೆಯಾದ ಮೇಲೂ ತನ್ನ ಗುಣ ಬಿಡುವುದಿಲ್ಲ. ಅದಕ್ಕೇ ಬಲ್ಲವರು ಮಸಾರಿ ಮಣ್ಣನ್ನು ಹುಡುಕಿ ತರುತ್ತಾರೆ, ಇಲ್ಲವೇ ಎರೆಮಣ್ಣಿಗೆ ಉಸುಕು, ಹೊಟ್ಟು, ಸಗಣಿ, ಬೂದಿ ಸೇರಿಸಿ ಅದರ ಅಬ್ಬರ ಇಳಿಸುತ್ತಾರೆ. ಹುತ್ತದ ಮಣ್ಣು ಎಲ್ಲಕ್ಕಿಂತ ಒಳ್ಳೆಯದು ಎನ್ನುವವರಿದ್ದಾರೆ. ಗೆದ್ದಲು ಆರಿಸಿ ಮೇಲೆ ತಂದ ನುಣುಪು ಮಣ್ಣು ಅದು, ಒಳ್ಳೆಯ ಅಂಟೂ ಇರುತ್ತದೆ. ಆದರೆ ನಾಗಪ್ಪನ ಹುತ್ತಕ್ಕೆ ಗುದ್ದಲಿ ಹಾಕಲು ಎಲ್ಲರ ಮನಸ್ಸೂ ಒಪ್ಪುವುದಿಲ್ಲ. ಪಾಳುಬಿದ್ದ ಹುತ್ತವೆಂದು ಖಾತ್ರಿಯಾದರೆ ಮಾತ್ರ ತರುತ್ತಾರೆ.

ಸೇರಿಸುವ ಒಂದೊಂದು ವಸ್ತುವಿಗೂ ಒಂದೊಂದು ಕೆಲಸ. ಉಸುಕು ಕುಗ್ಗುವುದಿಲ್ಲ, ಹಾಗಾಗಿ ಮಣ್ಣು ಕುಗ್ಗುವಾಗ ನಡುವೆ ನಿಂತು ತಡೆಯುತ್ತದೆ. ಹೊಟ್ಟಿನ, ಸಗಣಿಯ ನಾರು ಒಣಗುವ ಹೊತ್ತಿನಲ್ಲಿ ಮಣ್ಣನ್ನು ಹಿಡಿದಿಡುತ್ತದೆ. ಆಮೇಲೆ ಬೆಂಕಿಯ ಬದಿಯಲ್ಲಿ ಆ ನಾರೇ ಸುಟ್ಟುಹೋಗಿ ಸೂಕ್ಷ್ಮ ತೂತುಗಳನ್ನು ಬಿಡುತ್ತದೆ. ಆ ತೂತಿನ ಗಾಳಿ ಶಾಖವನ್ನು ಗೋಡೆಯೊಳಗೆ ಹೋಗದಂತೆ ತಡೆಯುತ್ತದೆ, ಹೊಸ ಬಿರುಕು ಉದ್ದಕ್ಕೆ ಓಡದಂತೆಯೂ ಮಾಡುತ್ತದೆ. ಒಡೆದ ಹಳೆಯ ಒಲೆಯ ಕೆಂಪು ಹೆಂಟೆಯನ್ನು ಕುಟ್ಟಿ ಪುಡಿಮಾಡಿ ಹೊಸ ಮಣ್ಣಿಗೆ ಬೆರೆಸಿದರೆ ಇನ್ನೂ ಚೆನ್ನ. ಒಮ್ಮೆ ಸುಟ್ಟ ಮಣ್ಣು ಮತ್ತೆ ಕುಗ್ಗದು. ಬೆಂಕಿಗೆ ಒಡ್ಡುವ ಪಾತ್ರೆ ಮಾಡುವ ಕುಂಬಾರರಿಗೆ ಈ ಗುಟ್ಟು ಬಹಳ ಹಿಂದಿನಿಂದ ಗೊತ್ತಿದೆ.

ಮಣ್ಣನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಕಾಲಿನಿಂದ ತುಳಿದು, ಕೈಯಿಂದ ನಾದಬೇಕು. ಹದ ಬಂತೋ ಇಲ್ಲವೋ ನೋಡಲು ಬೆರಳುದ್ದದ ಬತ್ತಿ ಹೊಸೆದು ಬೆರಳಿಗೆ ಸುತ್ತುತ್ತಾರೆ. ಸುತ್ತುವಾಗ ಬಿರಿದರೆ ಅಂಟು ಸಾಲದು. ಬಿರಿಯದೆ ಕೈಗೆ ಮೆತ್ತಿಕೊಂಡರೆ ಉಸುಕು ಸಾಲದು. ಇನ್ನು ಕೆಲವರು ಉಂಡೆ ಕಟ್ಟಿ ಸೊಂಟದೆತ್ತರದಿಂದ ನೆಲಕ್ಕೆ ಬಿಡುತ್ತಾರೆ. ಚೂರುಚೂರಾಗದೆ, ರೊಟ್ಟಿಯಂತೆ ಚಪ್ಪಟೆಯೂ ಆಗದೆ, ಅಂಚಿನಲ್ಲಿ ತುಸು ಬಿರಿದು ನಿಂತರೆ ಅದು ಒಲೆಯ ಮಣ್ಣು.

ಒಲೆಯ ಆಕಾರ ನೋಡಲು ಸರಳ. ಕುದುರೆ ಲಾಳದ ಹಾಗೆ ಬಾಗಿದ ಗೋಡೆ, ಮುಂದೆ ಕಟಗಿ ತುರುಕುವ ಬಾಯಿ, ಮೇಲೆ ಪಾತ್ರೆ ಕೂರಲು ಮೂರು ಗುಂಡು, ಪಕ್ಕದಲ್ಲಿ ಕೋಡೊಲೆ. ದೊಡ್ಡ ಒಲೆಯ ಉರಿ ಒಳಗಿನ ಕಂಡಿಯಿಂದ ಹಾದು ಕೋಡೊಲೆಗೆ ಬರುತ್ತದೆ. ಮುಂದೆ ರೊಟ್ಟಿ ಬೇಯುವ ಹೊತ್ತಿಗೆ ಅಲ್ಲಿ ಬೇಳೆ ಕುದಿಯುತ್ತದೆ, ನೀರು ಬಿಸಿಯಾಗುತ್ತದೆ. ಖರ್ಚಿಲ್ಲದ ಎರಡನೇ ಒಲೆ ಇದು, ಹೊರಹೋಗುವ ಶಾಖವನ್ನು ಹಿಡಿದು ದುಡಿಸುವ ಜಾಣತನ.

ಎಲ್ಲಕ್ಕಿಂತ ಮೊದಲು ಸವೆಯುವುದು ಆ ಮೂರು ಗುಂಡುಗಳು. ದಿನಾ ಹಂಚು, ಗಡಿಗೆ, ಪಾತೇಲಿ ಇಟ್ಟು ತೆಗೆದು ಅವು ತಗ್ಗುತ್ತ ಬರುತ್ತವೆ. ಯಾರ ಕಣ್ಣಿಗೂ ಅದು ಬೀಳುವುದಿಲ್ಲ. ಒಂದು ದಿನ ಮನೆಯವರು, “ಯಾಕೋ ಈ ನಡುವೆ ಹೊಗಿ ಭಾಳ ಆಗೇತಿ” ಎನ್ನುತ್ತಾರೆ, ಕಟಗಿ ಹಸಿ ಇದೆಯೆಂದು ಬೈಯುತ್ತಾರೆ. ನಿಜವಾದ ಕಾರಣ ಗುಂಡಿನಲ್ಲಿದೆ. ಪಾತ್ರೆಯ ತಳಕ್ಕೂ ಒಲೆಯ ಅಂಚಿಗೂ ನಡುವೆ ಬೆರಳ ದಪ್ಪದ ಸಂದು ಇದ್ದರೆ ಬಿಸಿಗಾಳಿ ತಳವನ್ನು ಸವರಿಕೊಂಡು ಹೊರಗೆ ಹೋಗುತ್ತದೆ, ಅದರ ಸೆಳೆತಕ್ಕೆ ಬಾಯಿಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಸಂದು ಮುಚ್ಚಿತೆಂದರೆ ಗಾಳಿಯ ಓಡಾಟವೇ ನಿಲ್ಲುತ್ತದೆ. ಉರಿ ಉಸಿರುಗಟ್ಟಿ ಹೊಗೆಯಾಗಿ ಬಾಯಿಯಿಂದ ಹಿಂದಕ್ಕೆ ಬರುತ್ತದೆ. ಗುಂಡು ಬಹಳ ಎತ್ತರವಾದರೂ ಕೆಡುಕೇ. ಆಗ ಉರಿ ಪಾತ್ರೆಗೆ ಸರಿಯಾಗಿ ತಾಗದೆ ಪಕ್ಕದಿಂದ ಹಾರಿಹೋಗುತ್ತದೆ. ಹೆಬ್ಬೆರಳನ್ನು ಸಂದಿನಲ್ಲಿ ತೂರಿಸಿ ನೋಡಿ ಗುಂಡಿನ ಮೇಲೆ ಒಂದು ಚಿಟಿಕೆ ಮಣ್ಣು ಏರಿಸುವುದು, ಅಷ್ಟೇ ದುರಸ್ತಿ. ಕಟಗಿಯ ಅರ್ಧ ಉಳಿತಾಯ ಆ ಚಿಟಿಕೆಯಲ್ಲಿದೆ ಎಂದರೂ ತಪ್ಪಾಗದು.

ಇನ್ನು ಬಿರುಕು. ಎಲ್ಲ ಬಿರುಕೂ ಒಂದೇ ಜಾತಿಯವಲ್ಲ. ಹೊರಮೈಯಲ್ಲಿ ಕೂದಲೆಳೆಯಷ್ಟು ಸಣ್ಣಗೆ, ಜಾಲದಂತೆ ಹರಡಿದ್ದರೆ ಅದು ಮೇಲಿನ ಸಾರಣೆ ಬೇಗ ಒಣಗಿದ್ದರ ಗುರುತು. ಮುಂದಿನ ಸಾರಣೆಯಲ್ಲಿ ಮುಚ್ಚಿಹೋಗುತ್ತದೆ. ಬಾಯಿಯ ಎರಡು ಮೇಲ್ಮೂಲೆಗಳಿಂದ ಓರೆಯಾಗಿ ಏರುವ ಬಿರುಕು ಬೇರೆ. ಅನೇಕರು ಬಾಯಿಯ ಮೇಲೆ ಗೋಡೆ ಕುಸಿಯದಿರಲೆಂದು ಕಬ್ಬಿಣದ ಪಟ್ಟಿಯೊಂದನ್ನು ಇಟ್ಟು ಕಟ್ಟುತ್ತಾರೆ. ಬೆಂಕಿಗೆ ಕಬ್ಬಿಣ ಮಣ್ಣಿಗಿಂತ ಹೆಚ್ಚು ಹಿಗ್ಗುತ್ತದೆ, ಹಿಗ್ಗಿ ಎರಡೂ ತುದಿಯಲ್ಲಿ ಮಣ್ಣನ್ನು ಒದೆಯುತ್ತದೆ. ಇಂಥ ಬಿರುಕಿಗೆ ಎಷ್ಟು ಮಣ್ಣು ಹಚ್ಚಿದರೂ ವಾರದೊಳಗೆ ಮತ್ತೆ ಬಾಯಿ ಬಿಡುತ್ತದೆ. ಪಟ್ಟಿಯ ತುದಿಗಳ ಬಳಿ ಮಣ್ಣು ಕೆರೆದು ತುಸು ಜಾಗ ಬಿಟ್ಟು, ಆ ಜಾಗಕ್ಕೆ ಬರೀ ಬೂದಿ ತುಂಬಿ ಮೇಲೆ ತೆಳ್ಳಗೆ ಮುಚ್ಚಬೇಕು. ಕಬ್ಬಿಣ ಹಿಗ್ಗಲಿ, ಬೂದಿ ದಾರಿ ಬಿಡುತ್ತದೆ.

ಮೂರನೆಯದು ಒಳಗಿನಿಂದ ಪದರು ಕಳಚುವ ಬಿರುಕು. ಇದರ ಕಾರಣ ಆಳದಲ್ಲಿದೆ. ಸುಮಾರು 500–600 ಡಿಗ್ರಿ ಶಾಖ ತಾಗಿದ ಜೇಡಿಮಣ್ಣು ತನ್ನ ಹರಳಿನೊಳಗಿನ ನೀರನ್ನು ಕಳೆದುಕೊಂಡು ಬೇರೆಯೇ ವಸ್ತುವಾಗುತ್ತದೆ. ಮುಂದೆ ಎಷ್ಟು ನೀರು ಸುರಿದರೂ ಅದು ಕರಗಿ ಕೆಸರಾಗದು. ದಿನಾ ಉರಿದು ಉರಿದು ಒಲೆಯ ಒಳಮೈ ಹೀಗೆ ತನಗೆ ತಾನೇ ಸುಟ್ಟ ಇಟ್ಟಿಗೆಯಾಗುತ್ತದೆ; ಹಿಂದಿನ ಮಣ್ಣು ಮಣ್ಣಾಗಿಯೇ ಉಳಿಯುತ್ತದೆ. ಇವೆರಡರ ಹಿಗ್ಗುವ ಕುಗ್ಗುವ ನಡತೆ ಬೇರೆಬೇರೆ. ಕೂಡುವ ಕಡೆಯಲ್ಲೇ ಜಗಳ, ಅಲ್ಲೇ ಪದರು ಬಿಡುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಟೊಳ್ಳು ಸದ್ದು ಬಂದರೆ ಆ ಜಾಗ ಬಿಟ್ಟಿದೆ ಎಂದರ್ಥ. ಗಟ್ಟಿ ಸದ್ದು ಬಂದರೆ ಬಿರುಕು ಕಂಡರೂ ಹೆದರಬೇಕಿಲ್ಲ.

ಈ ತೇಪೆ ಹಾಕುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಒಲೆ ಪೂರ್ತಿ ತಣ್ಣಗಾದ ಮೇಲೆ ಅತ್ತೆ ಕುಡಗೋಲಿನ ತುದಿಯಿಂದ ಬಿರುಕನ್ನು ಮೊದಲು ದೊಡ್ಡದು ಮಾಡುತ್ತಾಳೆ. ಹೊಸಬರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಮುಚ್ಚಬೇಕಾದ್ದನ್ನು ಯಾಕೆ ತೆರೆಯುವುದು? ಸಣ್ಣ ಬಿರುಕಿಗೆ ಮೇಲಿನಿಂದ ಒತ್ತಿದ ಮಣ್ಣು ಒಳಗೆ ಇಳಿಯುವುದೇ ಇಲ್ಲ, ಮೇಲೆ ಮುಚ್ಚಳದಂತೆ ಕೂರುತ್ತದೆ, ಒಂದು ಉರಿಗೆ ಉದುರುತ್ತದೆ. ಹಾಗಾಗಿ ಬಿರುಕಿನ ಒಳಭಾಗ ಅಗಲ, ಹೊರಭಾಗ ತುಸು ಕಿರಿದು ಆಗುವಂತೆ ಕೆರೆದರೆ ಮಣ್ಣು ಅಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಆಮೇಲೆ ಅಂಚಿನ ಮಸಿಯನ್ನೆಲ್ಲ ಕೆರೆದು ತೆಗೆಯುತ್ತಾಳೆ. ಮಸಿಗೆ ಹಸಿಮಣ್ಣು ಅಂಟುವುದಿಲ್ಲ. ಕೆಂಪು ಮೈ ಕಾಣುವವರೆಗೆ ಬಿಡುವುದಿಲ್ಲ.

ನಂತರ ನೀರು. ಸೊಸೆ ಚೊಂಬಿನಿಂದ ಕೈಯಲ್ಲಿ ಹಾಕಿಕೊಂಡು ಬಿರುಕಿಗೆ ಚಿಮುಕಿಸುತ್ತಾಳೆ. ಹಾಕಿದ ನೀರು ಕ್ಷಣದಲ್ಲಿ ಮಾಯ.

“ಅತ್ತಿ, ಇಷ್ಟ ಸಾಕಾತೇನ್ರಿ?”

“ಇನ್ನೂ ಕುಡಿಯಾಕತ್ತೈತಿ ನೋಡ. ಹಾಕ. ಅದಕ್ಕ ಬ್ಯಾಡ ಅನಸೂತನಾ ಹಾಕ.”

ಸುಟ್ಟ ಮಣ್ಣಿನ ತೂತುಗಳು ನೀರನ್ನು ಹೀರುತ್ತವೆ. ಒಣ ಮೈಗೆ ಹಾಗೆಯೇ ಹಸಿಮಣ್ಣು ಹಚ್ಚಿದರೆ ಹಳೆಯ ಗೋಡೆ ಹೊಸ ಮಣ್ಣಿನ ನೀರನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಹೊಸದು ಅಂಟುವ ಮೊದಲೇ ಒಣಗಿ ಕುಗ್ಗಿ ಬಿಟ್ಟುಕೊಳ್ಳುತ್ತದೆ. ಹೀಗಾಗಿ ಹಳೆಯ ಮೈಗೆ ಮೊದಲು ಹೊಟ್ಟೆತುಂಬ ಕುಡಿಸಬೇಕು. ಮೇಲೆ ನೀರು ಹೊಳೆಯುತ್ತ ನಿಂತಾಗ ಮಣ್ಣಿನ ತೆಳು ರಾಡಿಯನ್ನು ಬೆರಳಿನಿಂದ ಸಂದಿಯ ಆಳಕ್ಕೆ ತಿಕ್ಕುತ್ತಾಳೆ, ಅದರ ಮೇಲೆ ಗಟ್ಟಿ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಾಳೆ. ಒಂದೇ ಸಲ ದಪ್ಪ ಹಚ್ಚುವುದಿಲ್ಲ. ಮೊದಲ ಪದರು ಚರ್ಮದ ಹದಕ್ಕೆ ಬಂದ ಮೇಲೆ ಇನ್ನೊಂದು ತೆಳು ಪದರು. ಒಣಗುವ ಹೊತ್ತಿನಲ್ಲಿ ಮತ್ತೆ ಎಳೆಬಿರುಕು ಕಂಡರೆ ಒದ್ದೆ ಬೆರಳಿನಿಂದ ತೀಡಿ ಮುಚ್ಚುತ್ತಾಳೆ. ಈ ತೀಡುವ ಕೆಲಸವನ್ನು ನಾನು ನೋಡಿದ ಎಲ್ಲ ಒಳ್ಳೆಯ ಕೈಗಳೂ ಮಾಡುತ್ತವೆ. ಅವಸರದವರು ಬಿಟ್ಟುಬಿಡುತ್ತಾರೆ, ಅವರ ತೇಪೆ ನಿಲ್ಲುವುದಿಲ್ಲ.

ನೆರಳಲ್ಲಿ ಒಣಗಬೇಕು. ಬಳಿಕ ಸಗಣಿ, ಕೆಮ್ಮಣ್ಣಿನ ಸಾರಣೆ. ಮೊದಲ ಉರಿ ಬರೀ ರವದಿಯದು ಅಥವಾ ಒಂದೆರಡು ಕುಳ್ಳಿನದು, ಮೆತ್ತಗೆ. ದೊಡ್ಡ ಉರಿ ಹಚ್ಚಿದರೆ ಒಳಗುಳಿದ ನೀರು ಆವಿಯಾಗಿ ತೇಪೆಯನ್ನು ಒಳಗಿನಿಂದಲೇ ಒದ್ದು ಕೆಡವುತ್ತದೆ. ಇದೇ ಕಾರಣಕ್ಕೆ ಹೊಳೆಯ ದುಂಡುಗಲ್ಲನ್ನು ಒಲೆಗೆ ಬಳಸಬಾರದು ಎನ್ನುತ್ತಾರೆ. ನೀರಲ್ಲೇ ಇದ್ದ ಕಲ್ಲಿನ ಹೊಟ್ಟೆಯಲ್ಲಿ ತೇವ ಇರುತ್ತದೆ, ಕಾದಾಗ ಸಿಡಿಯುತ್ತದೆ. ಮನೆ ಮೇಲಿನ ಒಡೆದ ಹಂಚಿನ ಚೂರು, ಇಟ್ಟಿಗೆಯ ತುಂಡು ಆ ಕೆಲಸಕ್ಕೆ ಎಷ್ಟೋ ವಾಸಿ. ಅವು ಆಗಲೇ ಬೆಂಕಿ ಕಂಡು ಬಂದಂಥವು.

ದಿನದ ಆರೈಕೆ ಇದಕ್ಕಿಂತ ಸಣ್ಣದು, ಆದರೆ ದೊಡ್ಡ ದುರಸ್ತಿಯನ್ನು ಮುಂದೂಡುವುದು ಅದೇ. ಬೆಳಿಗ್ಗೆ ಬೂದಿ ತೆಗೆಯುವಾಗ ತಳದಲ್ಲಿ ಎರಡು ಬೆರಳಿನಷ್ಟು ಉಳಿಸುತ್ತಾರೆ. ಬೂದಿಯ ಹಾಸು ನೆಲಕ್ಕೆ ಹೋಗುವ ಶಾಖವನ್ನು ತಡೆಯುತ್ತದೆ, ಕೆಂಡವನ್ನು ಸಂಜೆಯವರೆಗೂ ಜೀವಂತ ಇಡುತ್ತದೆ. ಪೂರ್ತಿ ತೆಗೆದರೆ ಒಲೆ ಕಾಯಲು ಹೊತ್ತು ಹಿಡಿಯುತ್ತದೆ, ತೆಗೆಯದೆ ಬಿಟ್ಟರೆ ಗಾಳಿಗೆ ದಾರಿ ಇಲ್ಲ. ಉಕ್ಕಿದ ಸಾರು, ಗಂಜಿ ಬಿದ್ದ ಕಡೆ ಕೂಡಲೇ ಒಣ ಬೂದಿ ಹಾಕುತ್ತಾರೆ. ಕಾದ ಮಣ್ಣಿನ ಮೇಲೆ ತಣ್ಣೀರು ಸುರಿದು ಬೆಂಕಿ ಆರಿಸುವುದಂತೂ ಒಳ್ಳೆಯ ಮನೆಯಲ್ಲಿ ಯಾರೂ ಮಾಡುವುದಿಲ್ಲ. ಪಾತ್ರೆಯ ಹೊರತಳಕ್ಕೆ ಮಣ್ಣಿನ ರಾಡಿ ಸವರಿ ಒಲೆಗೆ ಏರಿಸುವ ಪದ್ಧತಿ ಇನ್ನೂ ಇದೆ. ಮಸಿಯೆಲ್ಲ ಆ ಮಣ್ಣಿಗೆ ಹಿಡಿಯುತ್ತದೆ, ತೊಳೆದಾಗ ಎರಡೂ ಒಟ್ಟಿಗೆ ಹೋಗುತ್ತವೆ.

ಈ ಸೀಮೆಯ ಒಲೆಗೆ ಇನ್ನೊಂದು ಕಂಟಕವಿದೆ, ಹೊಳೆ. ಕೊಲ್ಲಾಪುರದ ಕಡೆ ಘಟ್ಟದಲ್ಲಿ ಮಳೆ ಹಿಡಿದರೆ ವೇದಗಂಗಾ, ದೂಧಗಂಗಾ ಎರಡೂ ಉಕ್ಕುತ್ತವೆ. ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಸೇತುವೆಗಳು ಮುಳುಗಿದ ಸುದ್ದಿ ಮಳೆಗಾಲದಲ್ಲಿ ಪತ್ರಿಕೆಗೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನದಿತೀರದ ಊರುಗಳಿಗೆ ನೀರು ನುಗ್ಗಿತು. ನೀರಲ್ಲಿ ನಿಂತ ಮಣ್ಣಿನ ಒಲೆಯಲ್ಲಿ ಹೊರಗಿನ ಹಸಿಮಣ್ಣು ಕರಗಿಹೋಗುತ್ತದೆ, ಒಳಗಿನ ಸುಟ್ಟ ಪದರು ಮಾತ್ರ ಚಿಪ್ಪಿನಂತೆ ಉಳಿಯುತ್ತದೆ. ಆ ಚಿಪ್ಪನ್ನು ಎಸೆಯಬಾರದು. ಪುಡಿ ಮಾಡಿ ಹೊಸ ಮಣ್ಣಿಗೆ ಬೆರೆಸಲು ಅದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಪ್ರವಾಹ ಬಿಟ್ಟುಹೋದ ರೇವೆಯೂ ಉಸುಕಿನ ಪಾಲು ಹೆಚ್ಚಿದ್ದರೆ ಎರೆಮಣ್ಣಿಗೆ ಬೆರೆಸಲು ಬರುತ್ತದೆ. ಗೋಡೆ ಬಿದ್ದರೆ ಗೌಂಡಿಯನ್ನು ಕರೆಯಬೇಕು, ವೈರಿಂಗ್ ಕೆಟ್ಟರೆ ಎಲೆಕ್ಟ್ರಿಷಿಯನ್ ಬರಬೇಕು; ಒಲೆಯನ್ನು ಮಾತ್ರ ಮನೆಯ ಹೆಣ್ಣುಮಕ್ಕಳೇ ನಿಲ್ಲಿಸಿಬಿಡುತ್ತಾರೆ.

ಹೊಗೆಯ ಮಾತು ಹೇಳದೆ ಒಲೆಯನ್ನು ಹೊಗಳುವುದು ಅಪ್ರಾಮಾಣಿಕತೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅದರ ಮೊದಲ ಪೆಟ್ಟು ಒಲೆಯ ಮುಂದೆ ಕೂರುವವರಿಗೆ, ಅವರ ಮಡಿಲ ಮಕ್ಕಳಿಗೆ. ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಕರ್ನಾಟಕದವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಕುಣಿಗಲ್ ಕಡೆಯ ಉಂಗ್ರ ಗ್ರಾಮದಲ್ಲಿ ನೆಲೆ ಮಾಡಿಕೊಂಡು ಹಳ್ಳಿಯ ಇಂಧನವನ್ನು ಅಳೆದು ನೋಡಿತು. ಅಲ್ಲಿಂದ 1980ರ ದಶಕದ ಆರಂಭದಲ್ಲಿ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ, ತಳದಲ್ಲಿ ಜಾಳಿಗೆ ಇರುವ, ಮುಚ್ಚಿದ ಬೆಂಕಿಗೂಡಿನ, ಹೊಗೆಕೊಳವೆಯುಳ್ಳ ಒಲೆ. ಸಾದಾ ಒಲೆ ಕಟಗಿಯ ಶಾಖದಲ್ಲಿ ನೂರಕ್ಕೆ ಹತ್ತರ ಆಸುಪಾಸಿನಷ್ಟನ್ನು ಮಾತ್ರ ಪಾತ್ರೆಗೆ ಮುಟ್ಟಿಸುತ್ತದೆ. ಅಸ್ತ್ರ ಒಲೆ ಅದನ್ನು ಎಷ್ಟೋ ಪಟ್ಟು ಮೇಲೆ ಒಯ್ದಿತು. 1980ರ ದಶಕದಲ್ಲೇ ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮವೂ ದೇಶದ ತುಂಬ ನಡೆಯಿತು, 2002ರಲ್ಲಿ ಮುಗಿಯಿತು. 2016ರ ಮೇ 1ರಂದು ಉಜ್ವಲಾ ಯೋಜನೆ ಬಂದ ಮೇಲೆ ಸರ್ಕಾರದ ಗಮನ ಗ್ಯಾಸಿನ ಕಡೆ ಹೊರಳಿತು.

ಆ ಒಳ್ಳೆಯ ಒಲೆಗಳಲ್ಲಿ ಬಹಳಷ್ಟು ಯಾಕೆ ಉಳಿಯಲಿಲ್ಲ? ದುರಸ್ತಿಯ ಕಡೆ ಸಾಕಷ್ಟು ನೋಡದೆ ಹೋದದ್ದು ದೊಡ್ಡ ಕಾರಣ. ಸುಧಾರಿತ ಒಲೆಯ ಗುಣವೆಲ್ಲ ಅಳತೆಯಲ್ಲಿದೆ. ಬಾಯಿ ಇಷ್ಟು ಅಗಲ, ಜಾಳಿಗೆಯಿಂದ ಪಾತ್ರೆಗೆ ಇಷ್ಟು ಎತ್ತರ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗುವ ಕಂಡಿ ಇಷ್ಟೇ. ಬಾಯಿಯ ಅಂಚು ಮುರಿದಾಗ ದೊಡ್ಡ ಕಟಗಿ ಹಿಡಿಸಲೆಂದು ಅಗಲ ಮಾಡಿ ಕಟ್ಟಿದರೆ ಅದು ಮತ್ತೆ ಸಾದಾ ಒಲೆಯೇ. ಕೊಳವೆಯೊಳಗೆ ಮಸಿ ಕಟ್ಟಿದಾಗ ಬಡಿದು ಇಳಿಸದಿದ್ದರೆ ಹೊಗೆ ಹಿಂದಕ್ಕೇ ಬರುತ್ತದೆ. ಕಟ್ಟಿಕೊಟ್ಟು ಹೋದ ಗೌಂಡಿ ಮತ್ತೆ ಸಿಗುವುದಿಲ್ಲ, ಮನೆಯವರಿಗೆ ಅಳತೆಯ ಕಾರಣ ಯಾರೂ ಹೇಳಿರುವುದಿಲ್ಲ. ಹೆಬ್ಬೆರಳಿನಿಂದ ಗುಂಡಿನ ಸಂದು ಅಳೆಯಬಲ್ಲ ಹೆಣ್ಣುಮಗಳಿಗೆ ಬಾಯಿಯ ಅಳತೆಗೊಂದು ಕಟ್ಟಿಗೆ ತುಂಡನ್ನು ಕಡಿದುಕೊಟ್ಟು, “ಇದರಷ್ಟಽ ಇರಲಿ” ಎಂದಿದ್ದರೆ ಸಾಕಿತ್ತು ಎಂದು ನನಗೆ ಅನ್ನಿಸುತ್ತದೆ.

ಈಗ ಬಚ್ಚಲಿಗೆ ಹೋಗೋಣ. ಬೆಳಗಾವಿ ಜಿಲ್ಲೆಯ ಈ ಭಾಗದಲ್ಲೂ ಗಡಿಯಾಚೆ ಮಹಾರಾಷ್ಟ್ರದಲ್ಲೂ ಮನೆಮಾತಾಗಿರುವ ಬಂಬವನ್ನು ನೋಡದವರಿಗೆ ಅದರ ರಚನೆ ಹೇಳಬೇಕು. ಹೊರಗೆ ದೊಡ್ಡ ತಾಮ್ರದ ಸಿಲಿಂಡರು; ಅದರ ನಟ್ಟನಡುವೆ ಮೇಲಿನಿಂದ ಕೆಳಗಿನವರೆಗೆ ಹಾಯುವ ತಾಮ್ರದ ಕೊಳವೆ. ಕೊಳವೆಯ ಬುಡದಲ್ಲಿ ಬೀಡುಕಬ್ಬಿಣದ ಜಾಳಿಗೆ, ಅದರ ಕೆಳಗೆ ಬೂದಿ ಬೀಳುವ ಜಾಗ. ಬೆಂಕಿ ಕೊಳವೆಯೊಳಗೆ, ನೀರು ಕೊಳವೆಯ ಸುತ್ತ. ಮೇಲೆ ನೀರು ಸುರಿಯುವ ಬಾಯಿ, ಕೆಳಗೆ ಹಿತ್ತಾಳೆಯ ನಳ. ಕಟಗಿಯ ಚಕ್ಕೆ, ಮೆಕ್ಕೆಜೋಳದ ಬೆಂಡು, ಕೊಬ್ಬರಿ ಚಿಪ್ಪನ್ನು ಮೇಲಿನಿಂದ ಕೊಳವೆಗೆ ಹಾಕುತ್ತಾರೆ. ಕೊಳವೆಯೇ ಹೊಗೆಕೊಳವೆಯೂ ಆಗಿ ತಾನೇ ಗಾಳಿ ಎಳೆದುಕೊಳ್ಳುತ್ತದೆ, ಊದುಗೊಳವೆಯ ಗೊಡವೆ ಇಲ್ಲ.

ಇದರ ಲಾಭವನ್ನು ಲೆಕ್ಕ ಹಾಕಿ ನೋಡಬಹುದು. 20 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 2.5 ಮೆಗಾಜೂಲ್. ಒಣ ಕಟಗಿಯ ಒಂದು ಕಿಲೋದಲ್ಲಿ ಸುಮಾರು 16 ಮೆಗಾಜೂಲ್ ಇರುತ್ತದೆ. ಶಾಖದ ನೂರರಲ್ಲಿ ಹತ್ತು ಪಾಲು ಮಾತ್ರ ನೀರಿಗೆ ಮುಟ್ಟುವ ಬಯಲು ಒಲೆಯಲ್ಲಿ ಒಂದೂವರೆ ಕಿಲೋ ಕಟಗಿ ಬೇಕು; ಮೂವತ್ತು ಪಾಲು ಮುಟ್ಟಿದರೆ ಅರ್ಧ ಕಿಲೋ ಸಾಕು. ಬೆಂಕಿಯನ್ನು ನಾಲ್ಕೂ ಕಡೆಯಿಂದ ನೀರೇ ಸುತ್ತುವರಿದಿರುವುದರಿಂದ ಬಂಬ ಈ ಎರಡನೇ ಸಾಲಿಗೆ ಸೇರುತ್ತದೆ.

ಬಂಬದ ಮೊದಲ ನಿಯಮ ಮಕ್ಕಳಿಗೂ ಗೊತ್ತು: ನೀರು ತುಂಬದೆ ಬೆಂಕಿ ಹಾಕಬಾರದು. ಇದರ ಹಿಂದಿನ ಲೋಹದ ಲೆಕ್ಕ ಬಹಳ ಚೆಂದ. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ, ಕಟಗಿಯ ಬೆಂಕಿಗೆ ಅದು ಕರಗುವ ಭಯವಿಲ್ಲ. ಆದರೆ ತೇಪೆ ಹಾಕಿದ ತವರ–ಸೀಸದ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ. ಅಂಥ ಬೆಸುಗೆ ಬೆಂಕಿಯ ಮಗ್ಗುಲಲ್ಲಿ ವರ್ಷಗಟ್ಟಲೆ ಉಳಿಯುವುದು ಹೇಗೆ? ಹಿಂದೆ ನೀರಿದೆ, ಅದಕ್ಕೇ. ಬಯಲು ಬಾಯಿಯ ನೀರು 100 ಡಿಗ್ರಿಯ ಮೇಲೆ ಏರುವುದಿಲ್ಲ. ತಾಮ್ರ ಬೆಂಕಿಯ ಶಾಖವನ್ನು ಕೂಡಲೇ ನೀರಿಗೆ ದಾಟಿಸಿಬಿಡುವುದರಿಂದ ಬೆಸುಗೆಯ ಶಾಖವೂ ಅದರ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಇಳಿದರೆ ಆ ರಕ್ಷಣೆ ಹೋಯಿತು, ಬೆಸುಗೆ ಕರಗಿ ಜಾರಿತು. ತಾಮ್ರದ ಕೆಲಸ ಮಾಡುವ ಒಳ್ಳೆಯ ತಾಂಬಟರು ಇದನ್ನು ತಿಳಿದೇ ಕೆಲಸ ಮಾಡುತ್ತಾರೆ. ನೀರಿನ ಮಟ್ಟದ ಕೆಳಗಿನ ತೂತಿಗೆ ತವರದ ಬೆಸುಗೆ, ಮಟ್ಟಕ್ಕಿಂತ ಮೇಲಿನ ಕೊಳವೆಯ ತುದಿಗೆ ಬಿಳಿಗಾರ ಹಾಕಿ ಹಿತ್ತಾಳೆಯ ಗಟ್ಟಿ ಬೆಸುಗೆ. ಒಂದೇ ಕೊಳವೆಗೆ ಎರಡು ಬಗೆ. ಮಟ್ಟ ಎಲ್ಲಿದೆಯೆಂದು ಮನೆಯವರನ್ನು ಕೇಳುವುದಿಲ್ಲ. ಒಳಗೆ ಕಟ್ಟಿರುವ ಸುಣ್ಣದ ಗೆರೆ ನೋಡಿ ತಿಳಿಯುತ್ತಾರೆ.

ಆ ಸುಣ್ಣ ಬಂಬದ ಮುಪ್ಪು. ಬಾವಿ, ಬೋರಿನ ಗಡಸು ನೀರು ಕಾದಾಗ ಕರಗಿದ್ದ ಸುಣ್ಣ ಬಿಳಿ ಚಕ್ಕೆಯಾಗಿ ಕೊಳವೆಯ ಹೊರಮೈಗೆ ಹತ್ತುತ್ತದೆ. ತಾಮ್ರದಂಥ ಶಾಖವಾಹಕದ ಮೇಲೆ ಕಲ್ಲಿನ ಕಂಬಳಿ ಹೊದಿಸಿದಂತಾಗುತ್ತದೆ; ಬೆಂಕಿ ಅಷ್ಟೇ ಇದ್ದರೂ ನೀರು ಕಾಯಲು ತಡವಾಗುತ್ತದೆ. “ಬಂಬ ಮೊದಲಿನಂಗ ಕಾಯವಲ್ದು” ಎಂಬ ದೂರಿಗೆ ಹೆಚ್ಚಿನ ಸಲ ಇದೇ ಉತ್ತರ. ಬಡಿದು ತೆಗೆಯಲು ಹೋದರೆ ತಾಮ್ರ ನೆಗ್ಗುತ್ತದೆ. ಹುಣಸೆಹಣ್ಣು ಕಿವುಚಿದ ನೀರನ್ನೋ ಹುಳಿ ಮಜ್ಜಿಗೆಯನ್ನೋ ತುಂಬಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ರಾತ್ರಿ ಬಿಟ್ಟರೆ ಹುಳಿ ಸುಣ್ಣವನ್ನು ಸಡಿಲಿಸುತ್ತದೆ. ಬೆಳಿಗ್ಗೆ ಚೆಲ್ಲಿ ಚೆನ್ನಾಗಿ ತೊಳೆಯಬೇಕು. ಹುಳಿ ಉಳಿದರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಹೊರಮೈಗೆ ಹುಣಸೆಹಣ್ಣು, ಉಪ್ಪು, ಬೂದಿ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ ಬಚ್ಚಲಲ್ಲಿ ನಡೆಯುವ ಈ ತಿಕ್ಕಾಟ ಬಂಬದ ವರ್ಷದ ತಪಾಸಣೆಯೂ ಹೌದು. ಹೊಳಪು ಬಂದ ಮೈಯಲ್ಲಿ ತೇವದ ಗೆರೆ ಎಲ್ಲಿದ್ದರೂ ಕಾಣುತ್ತದೆ.

ಸೋರಿಕೆ ಹೆಚ್ಚಾಗಿ ಬುಡದಲ್ಲಿ, ಜಾಳಿಗೆಯ ಸುತ್ತಿನ ಕೀಲಿನಲ್ಲಿ. ಅಲ್ಲಿ ಬೂದಿ ಕೂರುತ್ತದೆ, ಬಚ್ಚಲಿನ ತೇವ ಸೇರುತ್ತದೆ, ಒದ್ದೆ ಬೂದಿಯ ಕ್ಷಾರ ಬೆಸುಗೆಯನ್ನು ತಿನ್ನುತ್ತ ಹೋಗುತ್ತದೆ. ದಿನಾ ಬೂದಿ ಬಳಿದು ತೆಗೆಯುವ ಮನೆಯ ಬಂಬ ಇದರಿಂದಲೇ ಹೆಚ್ಚು ಬಾಳುತ್ತದೆ. ನಳ ತೊಟ್ಟಿಕ್ಕುವುದು ಬೇರೆ ರೋಗ. ಹಳೆಯ ನಳದಲ್ಲಿ ವಾಶರ್ ಇರುವುದಿಲ್ಲ. ತುಸು ಕಿರಿದಾಗುತ್ತ ಹೋಗುವ ಹಿತ್ತಾಳೆಯ ಬಿರಡೆಯೊಂದು ಅಂಥದೇ ಗೂಡಿನಲ್ಲಿ ಕೂತು ತಿರುಗುತ್ತದೆ. ಸುಣ್ಣದ ಕಣ ನಡುವೆ ಸಿಕ್ಕು ಗೀರು ಬಿದ್ದಾಗ ನೀರು ಒಸರುತ್ತದೆ. ಬಿರಡೆಯನ್ನು ತೆಗೆದು, ಎಣ್ಣೆಯಲ್ಲಿ ಕಲಸಿದ ನುಣುಪಾದ ಇಟ್ಟಿಗೆ ಪುಡಿ ಹಚ್ಚಿ, ಅದರದೇ ಗೂಡಿನಲ್ಲಿ ಕೂರಿಸಿ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ಹೋದರೆ ಎರಡೂ ಮೈ ಒಂದಕ್ಕೊಂದು ಒಗ್ಗಿಕೊಳ್ಳುತ್ತವೆ. ಹೊಸ ನಳ ಕೊಳ್ಳುವ ಮೊದಲು ಇದನ್ನು ಮಾಡಿಸಿ ನೋಡಬೇಕು. ಹಳೆಯ ಹಿತ್ತಾಳೆಯ ತೂಕ ಇಂದಿನ ನಳಕ್ಕೆ ಇಲ್ಲ.

ತಾಂಬಟರ ಬೆಸುಗೆ ನೋಡಲು ಕುಳಿತರೆ ಎದ್ದು ಬರಲು ಮನಸ್ಸಾಗದು. ತೂತಿನ ಸುತ್ತ ತಾಮ್ರವನ್ನು ಕೆಂಪು ಹೊಳಪು ಬರುವವರೆಗೆ ಕೆರೆಯುತ್ತಾರೆ. ಇದ್ದಲ ಬೆಂಕಿಯಲ್ಲಿ ಕಾಯುತ್ತಿರುವ ತಾಮ್ರದ ತಲೆಯ ಬೆಸುಗೆ ಸಲಾಕೆಯನ್ನು ತೆಗೆದು ನವಸಾಗರದ ಹೆಂಟೆಗೆ ಒತ್ತಿದ ಕೂಡಲೇ ಬಿಳಿ ಹೊಗೆ ಏಳುತ್ತದೆ; ಸಲಾಕೆಯ ಮೈ ಚೊಕ್ಕವಾಯಿತು. ಅದೇ ನವಸಾಗರವನ್ನು ಕೆರೆದ ಜಾಗಕ್ಕೂ ಉದುರಿಸಿ ತವರ ಸವರಿದರೆ ಬೆಳ್ಳಿಯ ಪದರು ಹರಡುತ್ತದೆ. ತೇಪೆಯ ತಗಡಿಗೂ ಹೀಗೆಯೇ ಮೊದಲು ತವರ. ತವರ ಹಿಡಿಯದ ತಾಮ್ರಕ್ಕೆ ಬೆಸುಗೆ ಕೂರುವುದಿಲ್ಲ. ಎರಡನ್ನೂ ಕೂಡಿಸಿ ಸಲಾಕೆ ಎಳೆದಾಗ ಕರಗಿದ ಲೋಹ ಸಂದಿಯೊಳಗೆ ತಾನೇ ಹರಿದು ಸೇರುತ್ತದೆ. ಅಂಚಿನಲ್ಲಿ ಸಣ್ಣ ಇಳಿಜಾರಾಗಿ ನಿಂತರೆ ಹಿಡಿದಿದೆ. ಮುತ್ತಿನಂತೆ ದುಂಡಗೆ ನಿಂತರೆ ಕೆಳಗೆ ಕೊಳೆ ಉಳಿದಿದೆ, ಮತ್ತೆ ಕೆರೆಯಬೇಕು. ಒಳ್ಳೆಯ ಕೈಯವರು ಹಾಗೆ ದುಂಡಗೆ ನಿಂತ ಬೆಸುಗೆಯನ್ನು ಗಿರಾಕಿ ನೋಡದಿದ್ದರೂ ತಾವೇ ಒರೆಸಿ ಹಾಕುತ್ತಾರೆ. ಸೀಸವಿರುವ ಈ ಬೆಸುಗೆ ಸ್ನಾನದ ನೀರಿನ ಪಾತ್ರೆಗೆ ಮಾತ್ರ. ಕುಡಿಯುವ, ಅಡುಗೆ ಮಾಡುವ ನೀರನ್ನು ಇಂಥ ಬಂಬದಿಂದ ಹಿಡಿಯಬಾರದು.

ನೆಗ್ಗಿದ ಮೈಯನ್ನು ಎತ್ತಲು ಮೊದಲು ಆ ಜಾಗವನ್ನು ಕೆಂಪಗೆ ಕಾಯಿಸುತ್ತಾರೆ. ಪೆಟ್ಟು ತಿಂದು ಬಿರುಸಾದ ತಾಮ್ರ ಕಾದಾಗ ಮೆತ್ತಗಾಗುತ್ತದೆ. ಉಕ್ಕಿನಂತೆ ನೀರಿಗೆ ಅದ್ದಿದರೆ ಗಡಸಾಗುವ ಸ್ವಭಾವ ಅದಕ್ಕಿಲ್ಲ. ಬಳಿಕ ಮರದ ಕೊಡತಿಯಿಂದ ಸಣ್ಣ ಸಣ್ಣ ಪೆಟ್ಟು. ಬೆಸುಗೆ ಇರುವ ಜಾಗದ ಹತ್ತಿರ ನೆಗ್ಗಿದ್ದರೆ ಕಾಯಿಸುವ ಕೆಲಸ ಮೊದಲು, ಬೆಸುಗೆ ಆಮೇಲೆ. ಈ ಅನುಕ್ರಮ ತಪ್ಪಿದರೆ ಒಂದು ಕೆಲಸ ಇನ್ನೊಂದನ್ನು ಕೆಡಿಸುತ್ತದೆ.

ದುರಸ್ತಿಯಾಗಿ ಮನೆಗೆ ಬಂದ ಬಂಬಕ್ಕೆ ಅಂದೇ ಬೆಂಕಿ ಹಾಕಬಾರದು. ನೀರು ಸುರಿಯುವ ಬಾಯಿಗೆ ಯಾರಾದರೂ ಬಿಗಿಯಾದ ಮುಚ್ಚಳ ಮಾಡಿಕೊಟ್ಟಿದ್ದರೆ ಅದನ್ನು ಮೊದಲು ತೆಗೆಯಬೇಕು. ಆವಿಗೆ ದಾರಿ ಇರಲೇಬೇಕು, ಇಲ್ಲವಾದರೆ ಬಂಬ ಒಡೆಯಬಹುದು. ಬುಡದ ಕೆಳಗೆ ಒಣ ಬೂದಿ ಹರಡಿ, ಕಂಠದವರೆಗೆ ನೀರು ತುಂಬಿ ರಾತ್ರಿ ಬಿಡಬೇಕು. ಬೆಳಿಗ್ಗೆ ಬೂದಿಯಲ್ಲಿ ಕಪ್ಪು ಚುಕ್ಕೆ ಇಲ್ಲದಿದ್ದರೆ ಒಂದು ಹಿಡಿ ಚಕ್ಕೆಯ ಸಣ್ಣ ಉರಿ ಹಚ್ಚಿ, ನೀರು ಬಿಸಿಯಾದ ಮೇಲೆ ಕೀಲನ್ನು ಇನ್ನೊಮ್ಮೆ ನೋಡಬೇಕು. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದ ಸಣ್ಣ ರಂಧ್ರ ತಾಮ್ರ ಹಿಗ್ಗಿದಾಗ ಬಾಯಿ ಬಿಡುವುದುಂಟು. ಆಗಲೂ ಹನಿ ಕಾಣದಿದ್ದರೆ ತಾಂಬಟರಿಗೆ ಉಳಿದ ದುಡ್ಡು ಕೊಟ್ಟು ಬರಬಹುದು.